ಎಡಗಡೆ ಹಿಂದಿನ ಸ್ಪೀಕರು

ಮದುವೆಯಾದ ಹೆಣ್ಣಿಗೆ ಮನಸ್ಸು ಬಿಚ್ಚಿ ಮಾತಾಡಲು ಎಲ್ಲಾದರೂ ಒಂದು ಜಾಗ ಬೇಕು. ಕೆಲವರಿಗೆ ಅದು ತವರುಮನೆ, ಕೆಲವರಿಗೆ ಪಕ್ಕದ ಮನೆಯ ಮೆಟ್ಟಿಲು. ಟೇಲರಮ್ಮನಿಗೆ ಅದು ಗಂಡನ ಎಡಗಿವಿ.

ಆ ಕಿವಿ ಕೇಳಿಸುವುದಿಲ್ಲ ಎಂಬುದು ಟೇಲರಮ್ಮನೊಬ್ಬಳಿಗೇ ಗೊತ್ತಿದ್ದ ಸಂಗತಿ. (ಕಿವಿಯ ಒಡೆಯರಿಗೂ ಗೊತ್ತಿರಲಿಲ್ಲ. ಅವರ ಬಲಗಿವಿ ಎರಡು ಕಿವಿಯ ಕೆಲಸವನ್ನೂ ಮಾಡಿಕೊಂಡು ಹೋಗುತ್ತಿತ್ತು.) ಈ ಗುಟ್ಟು ಆಕೆಯ ಕೈಗೆ ಸಿಕ್ಕಿದ್ದು ಹೀಗೆ. ಬಟ್ಟೆ ಹೊಲಿಯುವಾಗ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿ ಹಿಡಿದುಕೊಳ್ಳುವುದು ಆಕೆಯ ಅಭ್ಯಾಸ. ಸೂಜಿ ಬೀಳದ ಹಾಗೆ ಮಾತಾಡುವುದು ಆ ಅಭ್ಯಾಸದ ಜೊತೆಗೇ ಬಂದ ವಿದ್ಯೆ. ತುಟಿ ಅಲುಗುವುದಿಲ್ಲ, ಮಾತು ಮಾತ್ರ ಬರುತ್ತದೆ. ಹಿಂದೆಲ್ಲ ಹೀಗೆ ಒಂದು ಮಾತು ಗೊಣಗಿದರೂ ಸಾಕು, ಯಜಮಾನರು ಪೇಪರಿನ ಹಿಂದಿನಿಂದ ಸಿಡಿಯುತ್ತಿದ್ದರು. ಒಂದು ದಿನ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಸಾಕುವವರ ವಂಶದ ಬಗ್ಗೆ ಆಕೆ ಸೂಜಿಗಳ ಸಂದಿಯಿಂದ ಬಲು ದೊಡ್ಡ ಮಾತೊಂದನ್ನು ಆಡಿದಳು. ಎಡಗಡೆ ಕೂತು ಕಾದಳು. ಯಜಮಾನರು ಪೇಪರಿನ ಹಾಳೆ ಮಗುಚಿದರು, ಅಷ್ಟೇ.

ಮರುದಿನ ಇನ್ನೊಂಚೂರು ದೊಡ್ಡದು. ಹಾಳೆ ಮಗುಚಿತು. ಅದರ ಮರುದಿನ ನಾದಿನಿಯ ವಿಷಯ. ಆಗಲೂ ಹಾಳೆ ಮಗುಚಿತು.

ಅಂದಿನಿಂದ ಟೇಲರಮ್ಮನಿಗೆ ಸ್ವಾತಂತ್ರ್ಯ ಬಂತು. ಸಂಜೆ ಕೈಯಲ್ಲೊಂದು ಅಂಚು ಮಡಿಸುವ ಬಟ್ಟೆ ಹಿಡಿದು ಗಂಡನ ಎಡಗಡೆ ಕೂತರೆ ಆಯಿತು. ಏಳುವಾಗ ಮನಸ್ಸು ಇಸ್ತ್ರಿ ಮಾಡಿದ ಹಾಗಿರುತ್ತಿತ್ತು. ಮನೆಯಲ್ಲಿ ಜಗಳ ನಿಂತಿತು. ಟೀಚರ್ ಆಗಿದ್ದ ಮಗಳಂತೂ, "ವಯಸ್ಸಾಗ್ತಾ ಆಗ್ತಾ ನೀವಿಬ್ರೂ ಎಷ್ಟು ಒಳ್ಳೆಯವರಾಗ್ತಿದ್ದೀರಮ್ಮ," ಎಂದು ಹೊಗಳಿದಳು.

ಇಂಥ ರಾಮರಾಜ್ಯಕ್ಕೆ ಕಲ್ಲು ಬಿದ್ದದ್ದು ಸ್ಪೀಕರಿನ ರೂಪದಲ್ಲಿ.

ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ಓಡಿಸುತ್ತಿದ್ದ ಯಜಮಾನರು ಕೆಲಸ ಬಿಟ್ಟ ಮೇಲೆ ಒಂದು ದಿನ ಸೊಂಟದ ಮೇಲೆ ಕೈಯಿಟ್ಟು ಉಗ್ರಾಣದ ಕೋಣೆಯ ಬಾಗಿಲಲ್ಲಿ ನಿಂತರು. ಹಳೇ ಟ್ರಂಕು, ಮುರಿದ ಮಂಚದ ಕಾಲು, ಟೇಲರಮ್ಮನ ತುಂಡುಬಟ್ಟೆಯ ಗಂಟು, ಎಲ್ಲ ಇದ್ದ ಕೋಣೆ. ಒಳಗೆ ನಿಂತು ಮೈ ಮುರಿದರೆ ಎರಡು ಕೈಯೂ ಗೋಡೆಗೆ ತಾಗಬೇಕು.

"ಇದನ್ನ ಥಿಯೇಟರ್ ಮಾಡ್ತೀನಿ," ಎಂದರು.

"ಯಾರಿಗೆ? ಜಿರಳೆಗಳಿಗಾ?"

"ನಿನಗೆ ಕಣೇ! ಸಿನಿಮಾ ಅಂದ್ರೆ ಪ್ರಾಣ ಬಿಡ್ತೀಯಲ್ಲ. ಸುತ್ತಲಿಂದ ಸದ್ದು ಬರೋ ಹಾಗೆ ಮಾಡಿಸ್ತೀನಿ. ಮುಂದೆ ಮೂರು ಸ್ಪೀಕರು, ಹಿಂದೆ ಎರಡು, ಮೂಲೇಲಿ ಗುಡುಗೋಕೆ ಒಂದು ವೂಫರ್ರು."

"ಇದ್ದಕ್ಕಿದ್ದ ಹಾಗೆ ನನ್ನ ಮೇಲ್ಯಾಕೆ ಇಷ್ಟು ಪ್ರೀತಿ?"

"ಕಾರಣ ಇದೆ. ಹೇಳಲ್ಲ," ಎಂದು ಅವರು ನಾಚಿಕೊಂಡರು. ಅವರು ನಾಚಿದ್ದನ್ನು ಟೇಲರಮ್ಮ ನೋಡಿದ್ದು ಮದುವೆಯ ಫೋಟೋದಲ್ಲಿ ಮಾತ್ರ.

ಟ್ರಂಕುಗಳು ಮಂಚದ ಕೆಳಗೆ ಸೇರಿದವು, ಕೋಣೆಗೆ ಪರದೆ, ಸೋಫಾ ಬಂದವು. ಒಂದು ಭಾನುವಾರ ಬೆಳಿಗ್ಗೆ ಅಂಗಡಿಯವನು ಡಬ್ಬಗಳ ಸಮೇತ ಬಂದಿಳಿದ. ಬಾಯಿ ತೆರೆದರೆ ಮುಚ್ಚಲು ಗೊತ್ತಿಲ್ಲದ ಮನುಷ್ಯ. ಟೇಲರಮ್ಮ ಅವನಿಗೆ ಆಗಲೇ 'ಡಬ್ಬೇಶ' ಎಂದು ಹೆಸರಿಟ್ಟಳು. ಮೊದಲು ಅವನು ಎದೆಯೆತ್ತರದ ಸ್ಪೀಕರುಗಳನ್ನು ನಿಲ್ಲಿಸಿದ. ಆ ಪುಟ್ಟ ಕೋಣೆಯಲ್ಲಿ ಅವು ಹೆಣ್ಣು ನೋಡಲು ಬಂದ ಗಂಡಿನ ಕಡೆಯವರ ಹಾಗೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ನಿಂತವು. ಸೋಫಾದ ಬಲಗಡೆ ಯಜಮಾನರು, ಎಡಗಡೆ ಟೇಲರಮ್ಮ, ಬಾಗಿಲಲ್ಲಿ ಮಗಳು.

"ಈಗ ನೋಡಿ ಸಾರ್, ಹೆಲಿಕಾಪ್ಟರ್ ಬರುತ್ತೆ. ನಿಮ್ಮ ತಲೆ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತೆ. ಅದು ಎಲ್ಲಿದೆ ಅಂತ ಬೆರಳಲ್ಲಿ ತೋರಿಸ್ತಾ ಇರಿ."

ಹೆಲಿಕಾಪ್ಟರ್ ಬಂತು. ಯಜಮಾನರು ಬೆರಳೆತ್ತಿದರು. ಬೆರಳು ಮುಂದಿನಿಂದ ಬಲಕ್ಕೆ ಹೊರಟು, ಬಲದಿಂದ ಹಿಂದಕ್ಕೆ ಹೋಗಿ, ಅಲ್ಲೇ ಗಾಳಿಯಲ್ಲಿ ನಿಂತುಬಿಟ್ಟಿತು.

"ಎಲ್ಲಿ ಹೋಯ್ತು?"

"ಎಡಗಡೆ ಹಿಂದಿದೆಯಲ್ಲ ಸಾರ್!"

"ಇಲ್ಲಪ್ಪ. ಬಿದ್ದೋಯ್ತು ಅನ್ಸುತ್ತೆ."

ಟೇಲರಮ್ಮನ ಕಿವಿಯ ಹಿಂದೆ ಹೆಲಿಕಾಪ್ಟರು ಭರ್ರೆಂದು ತಿರುಗುತ್ತಿತ್ತು.

ಡಬ್ಬೇಶ ವಯರು ಅಲ್ಲಾಡಿಸಿದ. ಆ ಸ್ಪೀಕರುಗಳನ್ನು ಎತ್ತಿಟ್ಟು ಗೋಡೆಗೆ ನೇತುಹಾಕುವ ಪುಟಾಣಿ ಸ್ಪೀಕರುಗಳನ್ನು ತಂದ. ಹೆಲಿಕಾಪ್ಟರು ಮತ್ತೆ ಎಡಕ್ಕೆ ಬಂದು ಬಿತ್ತು. ಬಲಗಡೆಯದನ್ನು ಎಡಕ್ಕೆ ಹಾಕಿದ, ಎಡಗಡೆಯದನ್ನು ಬಲಕ್ಕೆ. ಅದೇ ಜಾಗದಲ್ಲಿ ಅದೇ ಅಪಘಾತ.

"ನಿಮ್ಮ ಕಂಪನೀಲಿ ಎಡಗಡೆದು ಮಾಡೋನು ಯಾರ್ರೀ? ಅವನನ್ನ ಮೊದಲು ಮನೆಗೆ ಕಳಿಸಿ," ಎಂದು ಯಜಮಾನರು ರೇಗಿದರು.

ಬಾಗಿಲಲ್ಲಿದ್ದ ಮಗಳು ಕಣ್ಣು ಕಿರಿದು ಮಾಡಿದಳು. ಮಕ್ಕಳು ಹೋಮ್‌ವರ್ಕ್ ಮರೆತು ಬಂದಾಗ ಅವಳು ಮಾಡುವ ಕಣ್ಣು ಅದು. "ಅಪ್ಪಾ, ಕಿವಿ ಒಂದ್ಸಲ ತೋರಿಸೋಣ್ವಾ?"

"ನನ್ನ ಕಿವಿಗೇನೇ ಧಾಡಿ? ಮೆಷಿನ್ ಓಡೋ ಸದ್ದು ಕೇಳೇ ಒಳಗೆ ಹಾಳೆ ಸಿಕ್ಕೊಂಡಿದೆ ಅಂತ ಹೇಳ್ತಿದ್ದೋನು ನಾನು!"

"ಹೌದು ಹೌದು," ಎಂದಳು ಟೇಲರಮ್ಮ ಅವಸರವಸರವಾಗಿ. "ನಿಮ್ಮಪ್ಪನ ಕಿವಿ ಹಾವಿನ ಕಿವಿ ಕಣೇ."

ಹೆಂಡತಿ ತಮ್ಮ ಪರ ನಿಂತದ್ದು ಕಂಡು ಯಜಮಾನರ ಕಣ್ಣು ತೇವವಾಯಿತು.

ಆಗ ಡಬ್ಬೇಶನಿಗೆ ಬೇಡದ ಬುದ್ಧಿ ಹೊಳೆಯಿತು. "ಸಾರ್, ಒಂದು ಕೆಲಸ ಮಾಡಿ. ನೀವು ಹಿಂದುಮುಂದಾಗಿ ತಿರುಗಿ ಕೂತ್ಕೊಳ್ಳಿ. ತೊಂದರೆ ಸ್ಪೀಕರಲ್ಲಿದೆಯಾ ಬೇರೆ ಕಡೆ ಇದೆಯಾ, ಗೊತ್ತಾಗಿಬಿಡುತ್ತೆ."

ಯಜಮಾನರು ಸೋಫಾದ ಕೈ ಹಿಡಿದು ಏಳತೊಡಗಿದರು. ಟೇಲರಮ್ಮನ ಕಣ್ಣ ಮುಂದೆ ಕಿವಿ ಡಾಕ್ಟರು, ಬ್ಯಾಟರಿ ಹಾಕುವ ಶ್ರವಣಯಂತ್ರ, ಅದರೊಳಗೆ ಸ್ಪಷ್ಟವಾಗಿ ಕೇಳಿಸುವ ತನ್ನ ಮಾತು, ಎಲ್ಲ ಸಾಲಾಗಿ ಹಾದುಹೋದವು. ಇನ್ನು ಮಿಕ್ಕ ಆಯುಷ್ಯವೆಲ್ಲ ಬಾಯಿ ಹೊಲಿದುಕೊಂಡು ಕೂರಬೇಕು! ಮಡಿಲಲ್ಲಿ ಗುಂಡುಸೂಜಿಯ ಡಬ್ಬಿ ಇತ್ತು. ಅದನ್ನು ಮೊಣಕೈಯಿಂದ ತಳ್ಳಿದಳು.

"ಅಯ್ಯೋ ಸೂಜಿ! ಯಾರೂ ಕಾಲು ಎತ್ತಬೇಡಿ! ಸಕ್ಕರೆ ಕಾಯಿಲೆ ಕಾಲು ರೀ ನಿಮ್ದು, ಚುಚ್ಚಿದ್ರೆ ಮಾಯಲ್ಲ!"

ಅರ್ಧ ಎದ್ದಿದ್ದ ಯಜಮಾನರು ಅರ್ಧಕ್ಕೇ ನಿಂತರು. ಡಬ್ಬೇಶ ಒಂಟಿಕಾಲಲ್ಲಿ ನಿಂತ. ಸೂಜಿ ಆರಿಸಿ ಮುಗಿಯುವ ಹೊತ್ತಿಗೆ ಅವನಿಗೆ ಮುಂದಿನ ಮನೆಗೆ ಹೊತ್ತಾಗಿತ್ತು.

ಟೇಲರಮ್ಮ ಅವನನ್ನು ಮೆಟ್ಟಿಲ ಬಳಿ ಹಿಡಿದಳು. "ನೋಡಪ್ಪ, ಆ ಪುಟಾಣಿ ಸೆಟ್ಟೇ ಇರಲಿ. ಆದ್ರೆ ಎಡಗಡೆ ಹಿಂದಿಂದು ಇದೆಯಲ್ಲ, ಅದರ ಸದ್ದು ಎಷ್ಟು ಏರುತ್ತೋ ಅಷ್ಟೂ ಏರಿಸಿಬಿಡು."

"ಅಮ್ಮಾ, ಹಾಗೆ ಮಾಡಿದ್ರೆ ಆ ಕಡೆ ಕೂತೋರ ಗತಿ?"

"ಆ ಕಡೆ ಕೂರೋಳು ನಾನೇ. ನೀನು ಏರಿಸು."

ಅವನು ಏರಿಸಿದ. ಮರುದಿನ ಯಜಮಾನರ ಬೆರಳು ಪೂರ್ತಿ ಸುತ್ತು ಬಂತು. ಎಡಗಡೆಯ ಸದ್ದು ಗೋಡೆಗೆ ಬಡಿದು ಬಲಗಿವಿಗೆ ಸೇರುವಷ್ಟು ಜೋರಾಗಿತ್ತು. "ಬಂತು ನೋಡು ಹೆಲಿಕಾಪ್ಟರು!" ಎಂದು ಅವರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಅಲ್ಲಿಂದ ಟೇಲರಮ್ಮನ ತಪಸ್ಸು ಶುರು. ಸಿನಿಮಾದಲ್ಲಿ ಬಾಗಿಲು ಮುಚ್ಚಿಕೊಂಡರೆ ಅದು ಅವಳ ಬೆನ್ನ ಹಿಂದೆ ಮುಚ್ಚಿಕೊಳ್ಳುತ್ತಿತ್ತು. ರೈಲು ಅವಳ ಒಂದು ಕಿವಿಯಿಂದ ನುಗ್ಗಿ ಇನ್ನೊಂದರಿಂದ ಹೊರಡುತ್ತಿತ್ತು. ನಾಯಿ ಬೊಗಳಿದರೆ ಆಕೆ ಕಾಲು ಮೇಲಕ್ಕೆತ್ತಿಕೊಳ್ಳುತ್ತಿದ್ದಳು. ಇಷ್ಟರ ನಡುವೆ ಗೊಣಗಬೇಕಲ್ಲ? ಗೊಣಗಿದಳು. ಆದರೆ ತನ್ನ ಗೊಣಗಾಟ ತನಗೇ ಕೇಳಿಸಲಿಲ್ಲ. (ಸ್ವಾತಂತ್ರ್ಯ ಉಳಿಯಿತು, ಅದರ ಸುಖ ಹೋಯಿತು.)

"ಹೇಗಿದೆ?" ಎಂದು ಯಜಮಾನರು ಕೇಳುವರು.

"ಸ್ವರ್ಗ!" ಎಂದು ಟೇಲರಮ್ಮ ಕಿರುಚುವಳು.

ಒಂದು ಸಂಜೆ ಆಕೆ ಒಲೆ ಆರಿಸಲು ಎದ್ದಾಗ ಮಗಳು ಬಂದು ಎಡಗಡೆ ಕೂತಳು. ಪರದೆಯ ಮೇಲೆ ಒಬ್ಬ ಕಪಾಟಿನಿಂದ ತಟ್ಟೆಗಳನ್ನು ಬೀಳಿಸಿದ. ಮಗಳು ಕೂತಲ್ಲಿಂದ ಚಂಗನೆ ಹಾರಿದಳು.

"ಅಪ್ಪಾ! ಇದು ನಿಮಗೆ ಜೋರು ಅನ್ನಿಸ್ತಿಲ್ವಾ?"

"ಹದವಾಗಿದೆಯಲ್ಲಮ್ಮ."

ಮಗಳು ಸಿನಿಮಾದ ಸದ್ದು ನಿಲ್ಲಿಸಿದಳು. ಅಪ್ಪನ ಎಡಗಿವಿಯ ಹತ್ತಿರ ಬಾಗಿ ಮೆಲ್ಲಗೆ, "ನಿಮ್ಮ ಜೇಬಿಂದ ನೋಟು ಬಿದ್ದಿದೆ," ಎಂದಳು. ಜೇಬು ಮುಟ್ಟಿ ನೋಡಿಕೊಳ್ಳದ ಯಜಮಾನರನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅಂದು ಕಂಡರು.

"ನಾಳೆ ಡಾಕ್ಟರ ಹತ್ರ," ಎಂದಳು ಮಗಳು.

ಟೇಲರಮ್ಮ ರಾತ್ರಿಯಿಂದ ಬೆಳಗಿನವರೆಗೆ ನೆಪಗಳನ್ನು ಹೊಲಿದಳು. ಯಾವುದೂ ಅಳತೆಗೆ ಕೂರಲಿಲ್ಲ. ಕೊನೆಗೆ ಮೂವರೂ ಹೋಗಿ ಕಿವಿ ಡಾಕ್ಟರಮ್ಮನ ಎದುರು ಕೂತರು. ಡಾಕ್ಟರಮ್ಮ ದೀಪ ಹಾಕಿ ಇಣುಕಿ, "ಓಹೋ!" ಎಂದರು. ಆಮೇಲೆ ಉದ್ದ ಮೂಗಿನ ಚಿಮಟ ತೂರಿಸಿ ಮೆಲ್ಲಗೆ ಎಳೆದರು. ಎಳೆದರು. ಎಳೆಯುತ್ತಲೇ ಹೋದರು. ಬಟ್ಟಲಿಗೆ ಟಪ್ಪೆಂದು ಬಿದ್ದದ್ದು ಕಪ್ಪುಗಟ್ಟಿದ ಒಂದು ಹತ್ತಿಯ ಉಂಡೆ.

ಯಜಮಾನರು ಅದನ್ನು ಕಳೆದುಹೋದ ನೆಂಟನನ್ನು ಕಂಡ ಹಾಗೆ ನೋಡಿದರು. "ಅರೆ! ಇದು ಇಲ್ಲೇ ಉಳ್ಕೊಂಡಿತ್ತಾ!"

"ಕಿವಿಗೆ ಹತ್ತಿ ಯಾಕೆ ಇಟ್ಕೊಂಡಿದ್ರಿ?" ಎಂದರು ಡಾಕ್ಟರಮ್ಮ.

ಯಜಮಾನರು ಹೆಂಡತಿಯ ಕಡೆ ನೋಡಿದರು. ನೆಲ ನೋಡಿದರು. "ಮನೇಲಿ ಹೊಲಿಗೆ ಮೆಷಿನ್ ಇದೆ ಡಾಕ್ಟ್ರೇ."

"ಅದರ ಸದ್ದು ಒಂದೇ ಕಿವಿಗೆ ಬರುತ್ತಾ?"

"ನಮ್ಮ ಮನೇದು ಎಡಗಡೆಯಿಂದ ಮಾತ್ರ ಬರುತ್ತೆ."

ಮಗಳು ಕರ್ಚೀಫನ್ನು ಬಾಯಿಗೆ ಅಡ್ಡ ಹಿಡಿದು ಹೊರಗೆ ಓಡಿದಳು. ಟೇಲರಮ್ಮನ ಮುಖ ಬಣ್ಣ ಬಿಟ್ಟ ಬಟ್ಟೆಯ ಹಾಗಾಯಿತು.

ದಾರಿಯಲ್ಲಿ ಬಾಯಿ ಬಿಟ್ಟವರು ಯಜಮಾನರೇ. "ಆಗೆಲ್ಲ ನೀನು ಗೊಣಗೋದು ಕೇಳಿ ಕೇಳಿ ಸಾಕಾಗಿ, ಪೇಪರ್ ಓದೋವಾಗ ಒಂಚೂರು ಹತ್ತಿ ಇಟ್ಕೋತಿದ್ದೆ ಕಣೇ. ಆಮೇಲೆ ತೆಗೀತಿದ್ದೆ. ಒಂದ್ಸಲ ತೆಗೆಯೋಕೆ ಹೋದ್ರೆ ಸಿಗಲಿಲ್ಲ. ಬಿದ್ದೋಗಿದೆ ಅಂದ್ಕೊಂಡೆ. ಅವತ್ತಿಂದ ನೋಡ್ತೀನಿ, ಹತ್ತಿ ಇಲ್ದೇನೂ ನಿನ್ನ ಸದ್ದೇ ಇಲ್ಲ! ಪಾಪ, ಇಷ್ಟು ವರ್ಷಕ್ಕೆ ಇವಳು ಬದಲಾದ್ಲು, ಇವಳಿಗೆ ನಾನು ಏನಾದ್ರೂ ಮಾಡ್ಬೇಕು ಅಂತಾನೇ ಆ ಥಿಯೇಟರು..."

ಟೇಲರಮ್ಮ ಎಡವಿದಳು. ರಸ್ತೆಯಲ್ಲಿ ಕಲ್ಲೇನೂ ಇರಲಿಲ್ಲ.

ಡಬ್ಬೇಶ ಬಂದು ಎಡಗಡೆಯ ಸದ್ದನ್ನು ಇಳಿಸಿ ಹೋದ. ಸಂಜೆ ಗಂಡಹೆಂಡತಿ ಮತ್ತೆ ಸೋಫಾದಲ್ಲಿ ಕೂತರು. ಸದ್ದು ನಾಲ್ಕು ಕಡೆಯಿಂದಲೂ ಹದವಾಗಿ ಬರುತ್ತಿತ್ತು. ಟೇಲರಮ್ಮ ಮಾತ್ರ ಬಾಯಿಗೆ ಸೂಜಿ ಹಾಕದೆ, ಬೆನ್ನು ನೆಟ್ಟಗೆ ಮಾಡಿಕೊಂಡು, ಪರೀಕ್ಷೆಗೆ ಬಂದವಳ ಹಾಗೆ ಕೂತಿದ್ದಳು. ಯಜಮಾನರು ಶುಭ್ರವಾದ ಎಡಗಿವಿಯೊಂದಿಗೆ ಪಕ್ಕದಲ್ಲೇ ಇದ್ದರು. ಕಾಲ ಮೇಲೆ ಒದ್ದೆ ಟವೆಲ್ ಇತ್ತು. ಸಿನಿಮಾ ಅರ್ಧಕ್ಕೆ ಬಂದಾಗ ಅದನ್ನು ಮಡಚಿ ಸೋಫಾದ ಹೊಸ ಬಟ್ಟೆಯ ಮೇಲೆ ಇಟ್ಟರು.

ಟೇಲರಮ್ಮ ತಡೆದುಕೊಂಡಳು. ಹಲ್ಲು ಕಚ್ಚಿದಳು. ಆದರೂ ಅದು ಎಲ್ಲಿಂದಲೋ ಜಾರಿ ಬಂದೇ ಬಂತು, ಟವೆಲಿನಿಂದ ಹಿಡಿದು ವಂಶದವರೆಗೆ.

ಯಜಮಾನರು ಮೆಲ್ಲಗೆ ಎದ್ದರು.

"ಎಲ್ಲಿಗೆ?"

ಅವರು ಒಳಗೆ ಹೋಗಿ ಹತ್ತಿಯ ಸುರುಳಿ ತಂದರು. ಇಬ್ಬರ ನಡುವೆ, ಪಾಪ್‌ಕಾರ್ನ್ ಇಡುವ ಜಾಗದಲ್ಲಿ ಇಟ್ಟರು. ಒಂಚೂರು ಹರಿದು, ಉಂಡೆ ಮಾಡಿ, "ಹೂಂ, ನಿಂದು ನಡೀಲಿ. ನಾನೇನೂ ಅಂದ್ಕೊಳ್ಳಲ್ಲ," ಎಂದರು ಬಲು ಉದಾರವಾಗಿ.

ಯಾವ ಕಿವಿ ತೆರೆಯಬಾರದೆಂದು ಸೂಜಿ ಚೆಲ್ಲಿದ್ದಳೋ, ಯಾವ ಕಿವಿಗಾಗಿ ತನ್ನ ಕಿವಿಯನ್ನು ರೈಲಿನ ಕೆಳಗೆ ಹಾಕಿದ್ದಳೋ, ಅದೇ ಕಿವಿ ಈಗ ಅವಳ ಕಣ್ಣೆದುರಿಗೇ ಮತ್ತೆ ಮುಚ್ಚಿಕೊಳ್ಳಹೊರಟಿತ್ತು. ಟೇಲರಮ್ಮನಿಗೆ ಸಂತೋಷವಾಗಬೇಕಿತ್ತು. ಅದರ ಬದಲು ಮೈಯೆಲ್ಲ ಉರಿದುಹೋಯಿತು.

"ಏನ್ರೀ, ನಾನು ಮಾತಾಡ್ತಿದ್ರೆ ಮುಖಕ್ಕೆ ಹೊಡೆದ ಹಾಗೆ ಹತ್ತಿ ತುರುಕ್ಕೋತೀರಾ? ಅಷ್ಟು ಕಡೆಯಾದ್ನಾ ನಾನು?" ಎಂದು ಅವರ ಬೆರಳಲ್ಲಿದ್ದ ಉಂಡೆ ಕಿತ್ತುಕೊಂಡಳು. ಸುರುಳಿಯನ್ನೂ ಕಿತ್ತುಕೊಂಡು ಅದರ ಮೇಲೇ ಕೂತಳು. "ಇವತ್ತು ಪೂರ್ತಿ ಕೇಳಿಸ್ಕೊಳ್ಳಿ! ಮೊದಲಿಂದ ಕೊನೇವರೆಗೂ!"

ಯಜಮಾನರು ರಿಮೋಟ್ ತೆಗೆದು ಮುಂದಿನದು, ಹಿಂದಿನದು, ಮೂಲೆಯದು, ಎಲ್ಲದರ ಸದ್ದನ್ನೂ ಒಟ್ಟಿಗೇ ಆರಿಸಿದರು. ಎಡಗಿವಿಯನ್ನು ಹೆಂಡತಿಯ ಕಡೆ ತಿರುಗಿಸಿ, ಕೈ ಅಡ್ಡ ಇಟ್ಟುಕೊಂಡು, ವಿಧೇಯವಾಗಿ ಕಾದರು.

ಟೇಲರಮ್ಮ ಬಾಯಿ ತೆರೆದಳು. ಎಷ್ಟು ಹುಡುಕಿದರೂ ಒಂದು ಮಾತೂ ಸಿಗಲಿಲ್ಲ.