ಹದಿನಾರು ದಿನದ ಹತ್ತಿ

ಎಂಬತ್ತರ ದಶಕದ ಮಾತು. ಹತ್ತು ವರ್ಷ ಇತಿಹಾಸ ಕಲಿಸಿದ ಮೇಲೆ ನನಗೆ ಶಾಲಾ ತನಿಖಾಧಿಕಾರಿಯಾಗಿ ಬಡ್ತಿ ಸಿಕ್ಕಿತು. ಯಾವ ಶಾಲೆಯ ಯೋಗ್ಯತೆಯನ್ನಾದರೂ ಅರ್ಧ ದಿನದಲ್ಲಿ ಅಳೆದುಬಿಡಬಲ್ಲೆ ಎಂದು ನನಗೆ ಪೂರ್ತಿ ಭರವಸೆ ಇತ್ತು. ನನ್ನನ್ನು ಮಾತ್ರ ಯಾರೂ ಅಳೆದಿರಲಿಲ್ಲ.

ಮೊದಲ ತನಿಖೆ ನವಲಗುಂದ ತಾಲೂಕಿನ ಒಂದು ಸಣ್ಣ ಊರಿನ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯದು. ಹೋಗುವಾಗ ಬಸ್ಸಿನಲ್ಲಿ ಕುಲುಕಾಡುತ್ತಲೇ ಒಂದು ಲೆಕ್ಕ ಹೊಸೆದು, ಉತ್ತರವನ್ನೂ ಡೈರಿಯಲ್ಲಿ ಬರೆದುಕೊಂಡೆ. ಏಳನೇ ಇಯತ್ತೆಗೆ ಹೋಗಿ ಗಂಭೀರವಾಗಿ ಓದಿದೆ: "ಹದಿನೈದು ಆಳು ಒಂದು ಹೊಲದ ಹತ್ತಿಯನ್ನು ಹನ್ನೆರಡು ದಿನಕ್ಕೆ ಬಿಡಿಸಿದರೆ, ಇಪ್ಪತ್ತು ಆಳಿಗೆ ಎಷ್ಟು ದಿನ ಬೇಕು?"

ಮಕ್ಕಳು ಬಳಪದಿಂದ ಬರೆದು ಎತ್ತಿ ಹಿಡಿದ ಎಲ್ಲ ಪಾಟಿಗಳ ಮೇಲೂ ಒಂಬತ್ತು ಎಂದಿತ್ತು. ನನ್ನ ಡೈರಿಯಲ್ಲಿ ಹದಿನಾರು.

ಒಂದೇ ತಪ್ಪು ಇಡೀ ವರ್ಗಕ್ಕೆ ಹೇಗೆ ಬರುತ್ತದೆ? ನಕಲು. "ಸರಿಯಾದ ಉತ್ತರ ಹದಿನಾರು," ಎಂದು ಗದರಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಆಳು ಹೆಚ್ಚಾದ್ರ ದಿನಾ ಕಮ್ಮಿ ಆಗ್ತಾವ್ರಿ."

"ಕೂಡ್ರು," ಎಂದೆ.

ಹೆಡ್‌ಮಾಸ್ತರರು ಹಿರಿಯರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಮನೆಯೂ ಅದೇ ಊರಿನಲ್ಲಿ. ಅವರು ಮೆಲ್ಲಗೆ, "ಸಾಹೇಬ್ರ, ಒಮ್ಮೆ ಹಲಗಿ ಮ್ಯಾಲೆ ಮಾಡಿ ತೋರಸ್ರೆಲಾ," ಎಂದರು. ನನಗದು ಉದ್ಧಟತನವಾಗಿ ಕಂಡಿತು. ಚಹಾ ಕೂಡ ಕುಡಿಯದೆ ಎದ್ದು ಬಂದೆ.

ಮನೆಗೆ ಬಂದು ವರದಿ ಬರೆದೆ. 'ಏಳನೇ ಇಯತ್ತೆಯ ಮಕ್ಕಳು ಸಾಮೂಹಿಕವಾಗಿ ಒಂದೇ ತಪ್ಪನ್ನು ಎಸಗಿದ್ದು, ಇದರಲ್ಲಿ ಮುಖ್ಯೋಪಾಧ್ಯಾಯರ ಪಾತ್ರವನ್ನು ಅಲ್ಲಗಳೆಯಲಾಗದು.' ವಾಕ್ಯ ನನಗೇ ಬಹಳ ಹಿಡಿಸಿತು. ಮರುದಿನ ಬೆಳಿಗ್ಗೆ ಮೇಲಧಿಕಾರಿಗಳ ಹೆಸರಿಗೆ ಅಂಚೆಗೆ ಹಾಕಿ ಬಂದು, ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೆ ಎಲ್ಲವನ್ನೂ ಹೆಮ್ಮೆಯಿಂದ ಹೇಳಿದೆ.

ಅವಳ ಕೈ ನಿಂತಿತು. "ಮಂದಿ ಹೆಚ್ಚಾದ್ರ ಹತ್ತಿ ಬಿಡಿಸೂದು ತಡಾ ಆಗ್ತದೇನ್ರಿ?"

"ಅಂದರೆ?"

"ನಾ ಬರೇ ಐದನೇ ಇಯತ್ತೆ ಕಲತಾಕಿ. ಆದ್ರೂ ನಮ್ಮಪ್ಪನ ಹೊಲ್ದಾಗ ಹತ್ತಿ ಬಿಡಿಸೇನಿ. ನಾಕ್ ಮಂದಿ ಜಾಸ್ತಿ ಬಂದ್ರ ಲಗೂ ಮನಿಗೆ ಹೋಗ್ತಿದ್ವಿ."

ಡೈರಿ ತೆಗೆದು ನೋಡಿದೆ. ಭಾಗಿಸಬೇಕಾದಲ್ಲಿ ಗುಣಿಸಿದ್ದೆ, ಗುಣಿಸಬೇಕಾದಲ್ಲಿ ಭಾಗಿಸಿದ್ದೆ. ಓಡುತ್ತ ಅಂಚೆ ಕಚೇರಿಗೆ ಹೋದೆ. ಟಪಾಲು ಚೀಲ ಆಗಲೇ ಬಸ್ ಹತ್ತಿ ಹೋಗಿತ್ತು.

ಆಗಲೂ ಕಾಲ ಮಿಂಚಿರಲಿಲ್ಲ. 'ನನ್ನ ಉತ್ತರ ತಪ್ಪು, ಮಕ್ಕಳದು ಸರಿ' ಎಂದು ಎರಡು ಸಾಲು ಬರೆದಿದ್ದರೆ ಸಾಕಿತ್ತು. ಕೈ ಬರಲಿಲ್ಲ. 'ಮೌಲ್ಯಮಾಪನದಲ್ಲಿ ಅಲ್ಪ ವ್ಯತ್ಯಾಸ ಕಂಡುಬಂದಿರುವ ಸಂಭವವಿದೆ' ಎಂದು ಬರೆದು ಕಳಿಸಿದೆ. ಯಾರಿಗೂ ಅರ್ಥವಾಗಬಾರದೆಂದು ಬರೆದದ್ದು ಯಾರಿಗೂ ಅರ್ಥವಾಗಲಿಲ್ಲ. ತಿಂಗಳೊಳಗೆ ಮಾಸ್ತರರಿಗೆ ದೂರದ ಕಲಘಟಗಿ ಕಡೆಯ ಒಂದು ಹಳ್ಳಿಗೆ ವರ್ಗಾವಣೆಯ ಆದೇಶ ಬಂತು.

ಅವರು ಹೊರಡುವ ದಿನ ಆ ಊರಿನ ಬಸ್‌ಸ್ಟ್ಯಾಂಡಿಗೆ ಹೋದೆ. ಟ್ರಂಕಿನ ಮೇಲೆ ಕುಳಿತಿದ್ದವರು ನನ್ನನ್ನು ಕಂಡು ಎದ್ದು ನಿಂತರು. ಅವರು ಎದ್ದದ್ದೇ ನನಗೆ ದೊಡ್ಡ ಶಿಕ್ಷೆಯಾಯಿತು.

"ಮಾಸ್ತರ, ಉತ್ತರ ಒಂಬತ್ತು. ತಪ್ಪು ನನ್ನದು," ಎಂದೆ.

"ಗೊತ್ತದರಿ," ಎಂದರು. ಟ್ರಂಕಿನ ಬೀಗ ಜಗ್ಗಿ ನೋಡುತ್ತ ಹೇಳಿದರು: "ನೀವು ಹೋದ ಮ್ಯಾಲೆ ಹುಡುಗೂರು ಕೇಳಿದ್ರು, ಸಾಹೇಬ್ರು ಹದಿನಾರು ಯಾಕ ಅಂದ್ರು ಅಂತ. 'ನಿಮ್ಮ ಉತ್ತರಕ್ಕ ನೀವು ಗಟ್ಟಿಯಾಗಿ ನಿಲ್ತೀರೋ ಇಲ್ಲೋ ನೋಡಾಕ ಸಾಹೇಬ್ರು ಬೇಕಂತನ ಹಂಗ ಅಂದಾರ' ಅಂತ ಅವ್ರಿಗೆ ಹೇಳೀನಿ. ಸಾಹೇಬ್ರಿಗೆ ಲೆಕ್ಕಾ ಬರೂದಿಲ್ಲ ಅಂತ ಹುಡುಗೂರಿಗೆ ಹ್ಯಾಂಗ ಹೇಳ್ಲಿರಿ?"

ಬಸ್ ಬಂತು. ಟ್ರಂಕನ್ನು ಮೇಲೇರಿಸಲು ನಾನು ಕೈಹಾಕಿದೆ. "ನೀವು ಬ್ಯಾಡ್ರಿ ಸಾಹೇಬ್ರ," ಎಂದು ಅವರೇ ಎತ್ತಿದರು.

ಆ ವರ್ಷದ ನನ್ನ ಗೌಪ್ಯ ವರದಿಯಲ್ಲಿ ಮೇಲಧಿಕಾರಿಗಳು 'ತನಿಖಾ ಕಾರ್ಯದಲ್ಲಿ ಅತ್ಯಂತ ನಿಖರ' ಎಂದು ಬರೆದರು. ನಾನು ಅದಕ್ಕೂ ತಕರಾರು ಮಾಡಲಿಲ್ಲ.