ಪಾಕೀಟಿನ ಹಿಂಬದಿ ಓದುತ್ತಿದ್ದ ಮಾವ

ನಮ್ಮ ಸೋದರಮಾವನಷ್ಟು ಓದಿದವರು ಇಡೀ ಬೀದರ ಜಿಲ್ಲೆಯಲ್ಲಿ ಇರಲಿಲ್ಲ. ಆದರೆ ಅವರು ಓದಿದ್ದೆಲ್ಲ ಪಾಕೀಟಿನ ಹಿಂಬದಿ! ಮುಂಬದಿಯ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. "ಮುಂದಿಂದು ವರನ ಫೋಟೋ ಇದ್ದಂಗ. ಖರೇ ಸುದ್ದಿ ಹಿಂದಿರ್ತದ" ಎನ್ನುತ್ತಿದ್ದರು.

ಇದಕ್ಕೆಲ್ಲ ಕಾರಣ ನನ್ನ ಗಂಟಲು. ಶೇಂಗಾದ ಒಂದು ಚೂರು ಒಳಹೋದರೂ ತುಟಿ ಊದಿ, ಗಂಟಲು ಬಿಗಿದು, ನನಗೆ ಉಸಿರು ಕಟ್ಟುತ್ತದೆ. ಚಿಕ್ಕವಳಿದ್ದಾಗ ಒಮ್ಮೆ ಹಾಗಾಗಿ, ಮಾವ ನನ್ನನ್ನು ಎತ್ತಿಕೊಂಡು ನೌಬಾದದಿಂದ ದವಾಖಾನೆಗೆ ಓಡಿದ್ದರು. ಆಟೋದಲ್ಲಿ ಕೂತ ಮೇಲೂ ಅವರ ಕಾಲುಗಳು ಓಡುತ್ತಲೇ ಇದ್ದವಂತೆ! ಇಂಥವಳು ಹುಟ್ಟಿದ್ದಾದರೂ ಎಲ್ಲಿ? ಪಲ್ಯಕ್ಕೆ ಶೇಂಗಾಪುಡಿ, ರೊಟ್ಟಿಗೆ ಶೇಂಗಾ ಹಿಂಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ ಮಾಡುವ ಸೀಮೆಯಲ್ಲಿ!

ಭಾಲ್ಕಿಯ ಕಿರಾಣಿ ಅಂಗಡಿಯಲ್ಲಿ ಮಾವ ಭೂತಗನ್ನಡಿ ಹಿಡಿದು ಬಿಸ್ಕೀಟಿನ ಪಾಕೀಟು ಓದಲು ನಿಂತರೆ, ಹಿಂದಿದ್ದ ಗಿರಾಕಿಗಳು ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು. ಅಂಗಡಿಯ ಚಾಚಾ ಒಂದು ದಿನ ಕೈಮುಗಿದರು.

"ಸಾಬ್, ಬಿಸ್ಕೀಟ್ ಖರೀದಿ ಮಾಡ್ತೀರೋ, ಪರೀಕ್ಷಾಕ್ಕ ಕೂಡ್ತೀರೋ?"

"ನೋಡ್ರಿ ಚಾಚಾ, ಮುಂದ ಮುಷ್ಟಿಯಷ್ಟು ಬದಾಮಿ ಚಿತ್ರ. ಹಿಂದ ನೋಡಿದ್ರ ಬದಾಮಿ ಇಲ್ಲ, ಬರೇ ವಾಸನಿ! ಶೇಂಗಾ ಅದನೋ ಇಲ್ಲೋ ಅನ್ನೋದು ಇರುವಿ ಕಾಲಷ್ಟು ಅಕ್ಷರದಾಗ. ಸರ್ಕಾರ ಕಾಯ್ದೆ ಮಾಡಬೇಕ್ರಿ. ಹೆಸರು ಎಷ್ಟು ದೊಡ್ಡದೋ, ಒಳಗಿನ ಸಾಮಾನೂ ಅಷ್ಟೇ ದೊಡ್ಡದಾಗಿ ಬರೀಬೇಕು. ಅದೂ ಕನ್ನಡದಾಗ!"

"ಹಂಗಾದ್ರ ಪಾಕೀಟು ಚಾದರಿನಷ್ಟು ಆಗ್ತದ, ಸಾಬ್!"

"ಆಗಲಿ ಬಿಡ್ರಿ. ತಿಂದು ಅದನ್ನೇ ಹೊಚ್ಚಿಕೊಂಡು ಮಲಗ್ತೀವಿ!"

ತಲೆಗೆ ಹಚ್ಚುವ ಎಣ್ಣೆ, ಮೈಗೆ ಹಚ್ಚುವ ಸಾಬೂನು, ಯಾವುದನ್ನೂ ಅವರು ಬಿಡಲಿಲ್ಲ. ವಿಭೂತಿ ಗಟ್ಟಿಯನ್ನೂ ತಿರುವಿ ಹಿಂಬದಿ ನೋಡಿದ್ದನ್ನು ನಾನೇ ಕಂಡಿದ್ದೇನೆ! ಮನೆಗೆ ಬಂದ ಅಯ್ಯನವರು ಪ್ರಸಾದ ಕೊಟ್ಟರೆ, "ಅಯ್ಯನೋರ, ಇದರಾಗ ಏನೇನ್ ಹಾಕ್ಯಾರ್ರಿ?" ಎಂದು ಕೇಳಿದರು.

"ಪ್ರಸಾದಕ್ಕೂ ವಿಚಾರಣಿನೇನೋ? ಎಲ್ಲಾ ಶಿವಗ ಗೊತ್ತದ."

"ಶಿವಗ ಗೊತ್ತದರಿ. ಹುಡುಗಿ ಗಂಟಲಿಗೆ ಗೊತ್ತಿಲ್ಲ!"

ಔರಾದದ ನೆಂಟರ ಮದುವೆಯಲ್ಲಂತೂ ಮಾವ ಸೀದಾ ಅಡುಗೆಮನೆಗೇ ನುಗ್ಗಿ, ಪ್ರತಿ ಬೋಗಾಣಿಗೂ ಮೈದಾ ಅಂಟಿನಿಂದ ಚೀಟಿ ಹಚ್ಚಿದರು: 'ಶೇಂಗಾ ಅದ', 'ಶೇಂಗಾ ಇಲ್ಲ'. ಅಡುಗೆಯಾತ ಸೌಟು ಎತ್ತಿ, "ಇದು ಲಗ್ನದ ಮನಿನೋ, ಔಷಧದ ದುಕಾನೋ?" ಎಂದು ಕೂಗಾಡಿದ. ಅಷ್ಟರಲ್ಲಿ ಹಬೆಗೆ ಒಂದು ಚೀಟಿ ಕಳಚಿ, ಪಕ್ಕದಲ್ಲೇ ಹಾದುಹೋಗುತ್ತಿದ್ದ ಬೀಗರ ಬೆನ್ನಿಗೆ ಅಂಟಿತು. ವರನ ತಂದೆ ಮಂಟಪದ ತುಂಬ 'ಶೇಂಗಾ ಅದ' ಎಂದು ಸಾರುತ್ತ ಓಡಾಡಿದರು! ಹೇಳುವ ಧೈರ್ಯ ಯಾರಿಗಿದೆ? ನಾನಂತೂ ಆ ದಿನ ಅವರ ಹತ್ತಿರ ಸುಳಿಯಲಿಲ್ಲ. ಕಾಯ್ದೆ ಅಂದರೆ ಕಾಯ್ದೆ!

ಹೋದ ತಿಂಗಳು ಮಾವ ತೀರಿಕೊಂಡರು. ಶಿವಗಣಾರಾಧನೆಯ ದಿನ ನೌಬಾದದ ಮನೆಯಲ್ಲಿ ಪಂಕ್ತಿಗೆ ಕೂತೆ. ತಟ್ಟೆಗೆ ರೊಟ್ಟಿ ಬಂತು, ಎಣ್ಣೆಗಾಯಿ ಬಂತು. ಕೈ ಮಾತ್ರ ಏಳಲಿಲ್ಲ. ಒಳಗಿನಿಂದ "ಉಣ್ಣವ್ವಾ, ನಾ ನೋಡೀನಿ" ಎಂಬ ಮಾವನ ಕೂಗು ಬರಬೇಕಿತ್ತಲ್ಲ? ಅದು ಬಾರದೆ ನಾನು ಎಂದೂ ತುತ್ತು ಮುರಿದವಳಲ್ಲ.

ಆಗ ಔರಾದದ ಅದೇ ಅಡುಗೆಯಾತ ಬೋಗಾಣಿಯನ್ನೇ ಹೊತ್ತು ತಂದು ನನ್ನೆದುರು ಇಟ್ಟ. ಅದರ ಮೇಲೊಂದು ಚೀಟಿ. ಅಂಗೈಯಷ್ಟು ದೊಡ್ಡ ಕನ್ನಡ ಅಕ್ಷರ: 'ಶೇಂಗಾ ಇಲ್ಲ'.

"ಬದನಿಕಾಯಿಗೆ ಎಳ್ಳು ಅರದೀನಿ, ಎಣ್ಣಿ ಕುಸುಬಿದು. ಶೇಂಗಾ ಈ ಮನಿ ಹೊಸ್ತಿಲಾನೇ ದಾಟಿಲ್ಲ. ಇವತ್ತು ತಪ್ಪಿದ್ರ ನಿಮ್ಮ ಮಾಮಾ ಎದ್ದು ಬಂದು ನನ್ನ ಹಣಿಗೇ ಚೀಟಿ ಹಚ್ತಾರ. ಉಣ್ಣವ್ವಾ, ನಾ ನೋಡೀನಿ."

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕು ತುತ್ತು ಬಾಯಿಗಿಟ್ಟೆ.

ಗಂಟಲು ಬಿಗಿಯಿತು. ತುತ್ತಿನಲ್ಲಿ ಶೇಂಗಾ ಇರಲಿಲ್ಲ.