ರೊಟ್ಟಿಯ ಪೌರತ್ವ ಕುರಿತು ಹೋಟೆಲಿನ ಬೋರ್ಡಿಗೆ

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಎದುರು, ಕರೆಂಟು ಇದ್ದಾಗ ಕೆಂಪಗೆ, ಇಲ್ಲದಾಗ ಜನರೇಟರಿನ ದಯೆಯಿಂದ ತುಸು ನಡುಗುತ್ತ ಬೆಳಗುವ ಮಾನ್ಯ ಬೋರ್ಡ್ ಅವರೇ,

ತಮ್ಮ ಬಲ್ಬುಗಳೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಮನೆಯ ಒಲೆ ಕ್ಷೇಮವಾಗಿಲ್ಲವಾದ್ದರಿಂದ ಈ ಬಹಿರಂಗ ಪತ್ರ.

‘ಇಲ್ಲಿ ಇಂಡಿಯನ್ ಊಟ ದೊರೆಯುತ್ತದೆ’ ಎಂದು ತಾವು ಮೊನ್ನೆಯಿಂದ ಘೋಷಿಸುತ್ತಿದ್ದೀರಿ. ಸಂತೆಚೀಲ ಹಿಡಿದು ಬರುತ್ತಿದ್ದ ನಮ್ಮಜ್ಜಿ ದ್ಯಾಮಕ್ಕ ತಮ್ಮನ್ನು ನನ್ನಿಂದ ಗಟ್ಟಿಯಾಗಿ ಓದಿಸಿ, “ಹಂಗಾರ ನಮ್ಮನ್ಯಾಗ ದಿನಾ ಉಣ್ಣೋದು ಯಾವ ದೇಶದ್ದಲೇ?” ಎಂದು ಕೇಳಿದಳು. ನನ್ನ ಡಿಗ್ರಿಯ ಯಾವ ಪುಸ್ತಕದಲ್ಲೂ ಇದು ಇಲ್ಲದ್ದರಿಂದ ನಾನು, “ಒಳಗ ಹೋಗಿ ಕೇಳೋಣ ನಡಿಬೇ” ಎಂದೆ.

ತಮ್ಮ ಮಾಲೀಕರಾದ ಪಾಲಣ್ಣನವರು ಗೌರವದಿಂದಲೇ ಕೂರಿಸಿ ಬಡಿಸಿದರು. ಬಡಿಸಿದ್ದನ್ನು ಅಜ್ಜಿ ಎರಡೂ ಕೈಯಲ್ಲಿ ಹಿಡಿದು ಎಳೆದಳು. ಅದು ಉದ್ದವಾಯಿತೇ ಹೊರತು ಹರಿಯಲಿಲ್ಲ.

“ಇದೇನಪ್ಪಾ?”

“ನಾನ್ ರೀ ಯವ್ವಾ.”

“ನೀ ಅನ್ನೋದು ಗೊತ್ತಾತು, ಗಂಗಾಳದಾಗ ಇರೋದು ಏನು? ಹಸಿ ಟವಲ್ ಇದ್ದಂಗ ಐತಿ. ರೊಟ್ಟಿ ಇಲ್ಲೇನು?”

“ಇಲ್ರೀ, ನಮ್ಮಲ್ಲಿ ಬರೇ ಇಂಡಿಯನ್ ಅಷ್ಟ.”

ಮುಗಿಯಿತು. ಅಜ್ಜಿ ಮನೆಗೆ ಬಂದವಳೇ ರೊಟ್ಟಿಯ ಹಂಚನ್ನು ಬೋರಲು ಹಾಕಿ, “ದೇಶದ್ದಲ್ಲದ ಊಟ ಮಾಡಿ ಹಾಕಿ ನಾ ಯಾಕ ಕೇಸ್ ಮೈಮ್ಯಾಗ ಹಾಕ್ಕೊಳ್ಳಲಿ? ಆ ಬೋರ್ಡ್ ಒಪ್ಪೂತನಕ ಒಲಿ ಹಚ್ಚಂಗಿಲ್ಲ” ಎಂದುಬಿಟ್ಟಳು. ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಏಳುತ್ತಿದ್ದ ನಾನು ಈಗ ಏಳಲು ಕಾರಣವೇ ಇಲ್ಲದೆ ಬಿದ್ದುಕೊಂಡಿರುತ್ತೇನೆ. ಹೊಟ್ಟೆಗಾಗಿ ಮನೆಮಂದಿಯೆಲ್ಲ ತಮ್ಮ ಕೆಳಗೇ ಬಂದು ಕೂರುತ್ತಿದ್ದೇವೆ.

ಹಾಗೆಂದು ತಮ್ಮ ಅಡುಗೆಯನ್ನು ಹಳಿಯಲಾರೆ. ಕೆಂಪು, ಹಳದಿ, ಹಸಿರು ಗ್ರೇವಿಗಳಿಗೆ ಒಂದೇ ರುಚಿ ತರುವುದು ಸಾಮಾನ್ಯ ಕೆಲಸವೇ? ದೇಶದ ಏಕತೆಯನ್ನು ಹೀಗೆ ಬಟ್ಟಲಲ್ಲಿ ಹಾಕಿ ಕೊಟ್ಟವರು ಇನ್ನೊಬ್ಬರಿಲ್ಲ.

ಆದಕಾರಣ ತಾವು ‘ಹಾಗೂ ದ್ಯಾಮಕ್ಕನ ಮನೆಯಲ್ಲೂ’ ಎಂಬ ಒಂದು ಸಾಲನ್ನು ಕೂಡಲೇ ಮಿನುಗಿಸಬೇಕು. ಅಷ್ಟು ಬಲ್ಬುಗಳಿಲ್ಲದಿದ್ದರೆ ಹಗರಿಬೊಮ್ಮನಹಳ್ಳಿ ಇಂಡಿಯಾದೊಳಗೇ ಇದೆ ಎಂದಾದರೂ ದೃಢೀಕರಿಸಬೇಕು. ಅದೂ ಆಗದಿದ್ದರೆ, ಅಜ್ಜಿ ಈ ದಾರಿಯಲ್ಲಿ ಬರುವಾಗ ‘ಇಂಡಿಯನ್’ ಎಂಬಷ್ಟು ಮಾತ್ರ ಕೆಟ್ಟುಹೋಗಬೇಕು. ‘ಊಟ ದೊರೆಯುತ್ತದೆ’ ಎಂಬುದಕ್ಕೆ ಆಕೆಯ ತಕರಾರಿಲ್ಲ.

ತಮ್ಮ ವಿಶ್ವಾಸಿಯೂ ತಮ್ಮಿಂದಲೇ ಸೊರಗಿದವನೂ ಆದ,
ಗುರುಬಸವರಾಜ, ದ್ಯಾಮಕ್ಕನ ಮೊಮ್ಮಗ

ವಿ.ಸೂ.: ಇದಿಷ್ಟನ್ನು ಎಡಗೈಯಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ, ಬಲಗೈಯಲ್ಲಿ ರೊಟ್ಟಿ ಇದೆ. ತಮ್ಮ ಒಪ್ಪಿಗೆಗೆ ಕಾದು ಬೇಸತ್ತ ಅಜ್ಜಿ, ಮನೆಯ ಗೋಡೆ ಮೇಲೆ ನನ್ನಿಂದ ಸುಣ್ಣದಲ್ಲಿ ‘ಇಲ್ಲಿ ಫಾರಿನ್ ಊಟ ಸಿಗತೈತಿ’ ಎಂದು ಬರೆಸಿ ಒಲೆ ಹಚ್ಚಿದ್ದಾಳೆ. ಮೊದಲ ಗಿರಾಕಿ ತಮ್ಮ ಪಾಲಣ್ಣನವರೇ. ಪುಂಡಿಪಲ್ಯ ಹಚ್ಚಿಕೊಂಡು ಒಂದು ರೊಟ್ಟಿ ಮುಗಿಸಿ, “ಇನ್ನೊಂದು ಹಾಕ್ರಿ ಯವ್ವಾ” ಎಂದು ಅವರು ಗಂಗಾಳ ಮುಂದೆ ಮಾಡಿದಾಗ ಅಜ್ಜಿ ಕೇಳಿದಳು: “ಪಾಸ್‌ಪೋರ್ಟ್ ತಂದೀಯೇನಪ್ಪಾ?”